ಉಗ್ರಾಣದಲ್ಲಿ ಕುಡಿದ ಗ್ರೀಕರ ಸಾರು

ನಾನು ತುಮಕೂರಿನಲ್ಲಿದ್ದೇನೆ ಎಂದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಸೋದರತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ನಳಿನಿ ಹೋಗಿದ್ದಾಳೆ ಎಂದು ಅಮ್ಮ ಎಲ್ಲರಿಗೂ ಹೇಳಿದ್ದಳು. ಪಾಪ, ಅತ್ತೆಯ ಕಾಲು ಗಟ್ಟಿಮುಟ್ಟಾಗಿಯೇ ಇತ್ತು. ನಾನಿದ್ದದ್ದು ರಾಜಾಜಿನಗರದ ನಮ್ಮ ಮನೆಯಲ್ಲೇ, ಬಚ್ಚಲಮನೆಗೆ ಅಂಟಿಕೊಂಡ ಉಗ್ರಾಣದ ಕೋಣೆಯಲ್ಲಿ, ರಾಗಿ ಡಬ್ಬ ಹುಣಸೆಹಣ್ಣಿನ ಜಾಡಿಗಳ ನಡುವೆ ಹಾಕಿದ ಮಂಚದ ಮೇಲೆ. ನನಗೆ ಕ್ಷಯ ಬಂದಿತ್ತು.

ಎಂಬತ್ತರ ದಶಕ ಅದು. ಮಾತ್ರೆಗಳು ಬಂದಿದ್ದವು, ವಾಸಿಯಾಗುತ್ತದೆ ಎಂದು ಡಾಕ್ಟರು ಧೈರ್ಯವಾಗಿಯೇ ಹೇಳುತ್ತಿದ್ದರು. ಜನ ಮಾತ್ರ ಆ ಕಾಯಿಲೆಯ ಹೆಸರನ್ನು ಇನ್ನೂ ದನಿ ತಗ್ಗಿಸಿಯೇ ಹೇಳುತ್ತಿದ್ದರು. ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಯಾಕೆ ಕೆದಕುತ್ತೀಯ ಎಂದು ನನ್ನ ಗಂಡ ಕೇಳಿದರು. ಯಾವುದೋ ಮನೆಯ ಹಿಂದಿನ ಕೋಣೆಯಲ್ಲಿ ಇವತ್ತೂ ಒಬ್ಬಳು ಬಾಯಿಗೆ ದಿಂಬು ಒತ್ತಿಕೊಂಡು ಕೆಮ್ಮುತ್ತಿರಬಹುದು. ಅವಳಿಗಾಗಿ ಕೆದಕುತ್ತಿದ್ದೇನೆ ಎಂದೆ.

ನನ್ನನ್ನು ಬಚ್ಚಿಟ್ಟದ್ದಕ್ಕೆ ಕಾರಣ ಪಕ್ಕದ ಮನೆಯ ಕಮಲಮ್ಮ. ಕೆಟ್ಟವರೇನಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಮತ್ತು ನನಗೆ ಗಂಡು ಗೊತ್ತು ಮಾಡಿದ್ದು ಅವರೇ. ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಹುಡುಗ, ಅವರ ತಂಗಿಯ ಮೈದುನ. ಜಾತಕ ಕೂಡಿತ್ತು, ಫೋಟೊ ಒಪ್ಪಿಗೆಯಾಗಿತ್ತು, ಹೆಣ್ಣು ನೋಡಲು ಬರುವುದೊಂದೇ ಬಾಕಿ. ಅಷ್ಟರಲ್ಲಿ ನನಗೆ ಸಂಜೆ ಸಂಜೆ ಜ್ವರ ಕಾಯತೊಡಗಿತು. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೆಮ್ಮು ಬಂದು ಉಗುಳಿದರೆ ಬಚ್ಚಲ ಕಲ್ಲಿನ ಮೇಲೆ ಕೆಂಪು. ನಾನು ಕಿರುಚುವ ಮೊದಲೇ ಅಮ್ಮ ನೋಡಿದಳು. ಅವಳು ಮಾಡಿದ ಮೊದಲ ಕೆಲಸವೆಂದರೆ ಹಿತ್ತಲ ಬಾಗಿಲು ಮುಚ್ಚಿದ್ದು. ಆಮೇಲೆ ನನ್ನನ್ನು ಹಿಡಿದುಕೊಂಡಳು.

ಆಸ್ಪತ್ರೆಯೂ ಕದ್ದುಮುಚ್ಚಿಯೇ. ಹತ್ತಿರದ್ದಕ್ಕೆ ಹೋದರೆ ಯಾರಾದರೂ ಸಿಕ್ಕಾರು ಎಂದು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ, ಬೀದಿ ಏಳುವ ಮೊದಲೇ ಆಟೋ ಹತ್ತಿಸಿ, ತಲೆ ತುಂಬ ಸೆರಗು ಹೊದಿಸಿ ಕರೆದುಕೊಂಡು ಹೋದರು. ಅಲ್ಲಿ ಹೆಸರು ಕೇಳಿದಾಗ ಅಮ್ಮ ‘ಲಕ್ಷ್ಮಿ’ ಎಂದುಬಿಟ್ಟಳು. ಕಾಂಪೌಂಡರು ಗಂಟಲು ಹರಿಯುವ ಹಾಗೆ ‘ಲಕ್ಷ್ಮೀ, ಲಕ್ಷ್ಮೀ’ ಎಂದು ಕೂಗುತ್ತಿದ್ದರೂ ಲಕ್ಷ್ಮಿ ಎನ್ನುವವಳು ನಾನೇ ಎಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ನೆಲವನ್ನೋ ಗೋಡೆಯನ್ನೋ ನೋಡುತ್ತಿದ್ದರು. ಅಲ್ಲಿ ಯಾರೂ ಯಾರ ಊರನ್ನೂ ಕೇಳುವುದಿಲ್ಲ. ಕೆಂಗೇರಿ ಕಡೆಯ ಒಬ್ಬ ಹೆಂಗಸು ಮಾತ್ರ ನನ್ನ ಪಕ್ಕಕ್ಕೆ ಸರಿದು, "ಮಾತ್ರೆ ನುಂಗುದ್ರೆ ಉಚ್ಚೆ ಕೆಂಪುಗೆ ಬತ್ತದೆ ಕಣವ್ವ. ಎದ್ರುಕೋಬ್ಯಾಡ. ನಾ ರಕ್ತ ಅಂತ ಎದೆ ಒಡ್ಕೊಂಡಿದ್ದೆ," ಎಂದಳು. ಡಾಕ್ಟರು ಇದನ್ನು ಹೇಳಿರಲಿಲ್ಲ. ಮಾರನೆಯ ದಿನ ಅದು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಆ ಹೆಂಗಸಿಗೆ ಕೂತಲ್ಲಿಂದಲೇ ಕೈ ಮುಗಿದೆ.

ಉಗ್ರಾಣಕ್ಕೆ ಒಂದೇ ಕಿಟಕಿ. ಅದು ಕಮಲಮ್ಮನವರು ಬಟ್ಟೆ ಒಣಹಾಕುವ ಓಣಿಗೆ ತೆರೆದುಕೊಳ್ಳುತ್ತಿದ್ದುದರಿಂದ ಅದಕ್ಕೆ ಅಗುಳಿ ಹಾಕಿ, ಮೇಲೆ ಹಳೆಯ ಜಮಖಾನ ಇಳಿಬಿಟ್ಟಿದ್ದರು. ಹಗಲೂ ಕತ್ತಲೆ. ಬೇಸಿಗೆಯ ಸೆಕೆಗೆ ಹುಣಸೆಹಣ್ಣಿನ ವಾಸನೆ ಕೋಣೆಯಲ್ಲಿ ಮಡುಗಟ್ಟಿ ನಿಲ್ಲುತ್ತಿತ್ತು. ಬಳೆ ತೆಗೆಸಿದರು, ಸದ್ದಾಗುತ್ತದೆ ಎಂದು. ಓಣಿಯಲ್ಲಿ ಕಮಲಮ್ಮ ಬಟ್ಟೆ ಕೊಡವುವ ಸದ್ದು ಕೇಳಿದರೆ ನಾನು ಉಸಿರನ್ನೂ ಬಿಗಿಹಿಡಿಯಬೇಕು. ಭಾನುವಾರ ಅವರ ಮನೆಯ ಟೀವಿಯ ಮುಂದೆ ಬೀದಿಯೇ ನೆರೆಯುತ್ತಿತ್ತು. ಗೋಡೆಯ ಈಚೆಗೆ ನಾನು ಅವರೆಲ್ಲ ನಗುವುದನ್ನು ಕೇಳಿಸಿಕೊಳ್ಳುತ್ತ, ಯಾವುದಕ್ಕೆ ನಕ್ಕರೋ ತಿಳಿಯದೆ ಮಲಗಿರುತ್ತಿದ್ದೆ. ಬದುಕಿರುವಾಗಲೇ ನನ್ನನ್ನು ಉಪ್ಪಿನಕಾಯಿಯ ಹಾಗೆ ಜಾಡಿಗೆ ಹಾಕಿ ಬಾಯಿ ಕಟ್ಟಿಟ್ಟಿದ್ದಾರೆ ಎನಿಸುತ್ತಿತ್ತು.

ಕೆಮ್ಮನ್ನು ಮಾತ್ರ ಬಚ್ಚಿಡಲಾಗುತ್ತಿರಲಿಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದರು. ನಾನು ಒಳಗೆ ಕೆಮ್ಮಿದ ಕೂಡಲೇ ಅವರು ಹಜಾರದಲ್ಲಿ ಇನ್ನೂ ಜೋರಾಗಿ ಕೆಮ್ಮುವುದು. ಗೌರವಸ್ಥ ಮನುಷ್ಯ, ಆಫೀಸಿನಲ್ಲಿ ಹೆಡ್ ಕ್ಲರ್ಕು, ಪೇಪರು ಹಿಡಿದುಕೊಂಡು ಸುಳ್ಳುಸುಳ್ಳೇ ಕೆಮ್ಮುತ್ತಿದ್ದರು. ಹಗಲಿಗೆ ಅವರಿಲ್ಲದಾಗ ಅಮ್ಮ ರೇಡಿಯೊ ಜೋರು ಮಾಡುತ್ತಿದ್ದಳು. ಅಪ್ಪನ ಕೆಮ್ಮು ಎಷ್ಟು ಚೆನ್ನಾಗಿ ಬಂತೆಂದರೆ ಕಮಲಮ್ಮ ದಿನಾ ಸಂಜೆ ಲೋಟದ ತುಂಬ ಕಷಾಯ ತಂದು, "ನನ್ನೆದುರಿಗೇ ಕುಡೀರಿ ಸಾರ್, ಇಲ್ದಿದ್ರೆ ಚೆಲ್ಬಿಡ್ತೀರಿ," ಎಂದು ನಿಲ್ಲುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಒಳಗೆ ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಅದರಿಂದ ಮತ್ತೆ ಕೆಮ್ಮು ಬಂದು, ಅಪ್ಪ ಮತ್ತೆ ಕೆಮ್ಮಬೇಕಾಗುತ್ತಿತ್ತು.

ಮಾತ್ರೆಗಳು ಕ್ರಿಮಿಯನ್ನು ಕೊಲ್ಲುತ್ತಿದ್ದವೋ ಏನೋ, ನನ್ನ ಹಸಿವನ್ನಂತೂ ಕೊಂದು ಹಾಕಿದ್ದವು. ಅನ್ನ ಕಂಡರೆ ಓಕರಿಕೆ. ಹಾಲು ಬಾಯಿಗಿಟ್ಟರೆ ವಾಂತಿ. ಎರಡನೆಯ ಸಲ ತೋರಿಸಲು ಹೋದಾಗ ಡಾಕ್ಟರು ತೂಕ ನೋಡಿ ಅಮ್ಮನ ಕಡೆ ತಿರುಗಿದರು.

"ಏನಮ್ಮಾ, ಲಕ್ಷ್ಮಿ ಮೊದಲು ಬಂದಾಗ ಇದ್ದದ್ದಕ್ಕಿಂತ ಇಳಿದು ಹೋಗಿದಾಳಲ್ಲ? ಮೊಟ್ಟೆ ಕೊಡಿ, ಕೋಳಿ ಸಾರು ಕೊಡಿ. ಕಿಟಕಿ ತೆಗೆದಿಡಿ, ಬಿಸಿಲಿಗೆ ಕೂರಿಸಿ. ಮಾತ್ರೆ ಬಿದ್ದು ಇಷ್ಟು ದಿನ ಆಗಿದೆ, ಕಫದಲ್ಲೂ ಏನಿಲ್ಲ, ಇನ್ನು ಯಾರಿಗೂ ಅಂಟಲ್ಲ. ಆದ್ರೆ ಹೀಗೇ ಉಪವಾಸ ಬಿದ್ದಿದ್ರೆ ಮಾತ್ರೆ ಒಂದೇ ಏನೂ ಮಾಡಲ್ಲ. ಮುಂದಿನ ಸಲವೂ ಹೀಗೇ ಇದ್ರೆ ಅಡ್ಮಿಟ್ ಮಾಡ್ಕೋತೀನಿ, ಅಷ್ಟೇ."

ಅಡ್ಮಿಟ್ ಎಂದರೆ ತಿಂಗಳುಗಟ್ಟಲೆ. ಆ ವಾರ್ಡಿಗೆ ಹೋದವರು ಎಷ್ಟು ಜನ ತಿರುಗಿ ಬಂದರೋ ನನಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಆಟೋದಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತ, "ಮೊಟ್ಟೆಯಂತೆ, ಕೋಳಿಯಂತೆ. ನಮ್ಮನೇಲಿ ಈರುಳ್ಳೀನೇ ದೇವರ ಮನೆ ದಾಟಿಸೋಕೆ ಹೆದರ್ತೀವಿ," ಎಂದಳು. ಕಿಟಕಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಗೆ ಬಂದು ಮತ್ತೆ ಜಾಡಿಗಳ ನಡುವೆ ಮಲಗಿದೆ. ನಾನು ಇಲ್ಲೇ ಸಾಯುತ್ತೇನೆ, ಸತ್ತ ಮೇಲೂ ನನ್ನನ್ನು ತುಮಕೂರಿನಿಂದ ತರಿಸಿದೆವು ಎನ್ನುತ್ತಾರೆ ಎಂದು ಅವತ್ತು ನಿಜವಾಗಿ ಅನಿಸಿತು.

ಆ ವಾರವೇ ಶ್ರೀಧರ ಚಿಕ್ಕಪ್ಪ ಬಂದ. ಅಪ್ಪನ ತಮ್ಮ. ಗ್ರೀಸ್ ದೇಶದವರ ಒಂದು ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ರಜೆ ಸಿಕ್ಕಿದಾಗ ಬೊಂಬಾಯಿಯಲ್ಲಿ ಇಳಿದು ಬಸ್ಸಿನಲ್ಲಿ ಬರುತ್ತಿದ್ದ. ಹಡಗು ಹತ್ತಿದ ಮೇಲೆ ಅವನು ಎಲ್ಲವನ್ನೂ ತಿನ್ನುತ್ತಾನೆಂದು ಮನೆಗೆಲ್ಲ ಗೊತ್ತು, ಯಾರೂ ಆಡುತ್ತಿರಲಿಲ್ಲ.

"ನಳಿನಿ ಎಲ್ಲಿ ಅತ್ತಿಗೆ?" ಎಂದು ಕೇಳಿದ್ದು ಒಳಗೆ ನನಗೆ ಕೇಳಿಸಿತು.

"ತುಮಕೂರಿಗೆ ಹೋಗಿದಾಳಪ್ಪ. ನಿಮ್ಮಕ್ಕ ಕಾಲು ಮುರ್ಕೊಂಡಿದಾರಲ್ಲ, ಪಾಪ, ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ."

ಚಿಕ್ಕಪ್ಪ ಚೀಲ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ನಾನು ಬರ್ತಾ ತುಮಕೂರಲ್ಲೇ ಇಳಿದೆ ಅತ್ತಿಗೆ. ಅಕ್ಕ ಒಬ್ಬಟ್ಟು ಮಾಡಿ ಬಡಿಸಿದ್ಲು. ಬಸ್ ಸ್ಟ್ಯಾಂಡ್ ತನಕ ನಡ್ಕೊಂಡು ಬಂದು ಹತ್ತಿಸಿದ್ಲು," ಎಂದ.

ಅಮ್ಮನ ಅಳು ಅಲ್ಲೇ ಒಡೆಯಿತು. ಚಿಕ್ಕಪ್ಪ ಉಗ್ರಾಣದ ಬಾಗಿಲು ತಳ್ಳಿ ಒಳಗೆ ಬಂದವನು ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ನನ್ನನ್ನು ಹುಡುಕಿದ. ಹೊಸ್ತಿಲ ಮೇಲೆ ನಿಲ್ಲಲಿಲ್ಲ. ಬಂದು ಮಂಚದ ಮೇಲೆ, ನನ್ನ ಕಾಲ ಬಳಿ ಕೂತ. ಕಾಯಿಲೆ ಬಂದ ಮೇಲೆ ನನ್ನ ಹಾಸಿಗೆಯ ಮೇಲೆ ಕೂತ ಮೊದಲ ಮನುಷ್ಯ ಅವನೇ. ನಾನು ಗೋಡೆಯ ಕಡೆ ತಿರುಗಿ ಅತ್ತೆ, ಸದ್ದಿಲ್ಲದೆ. ಅಷ್ಟು ಹೊತ್ತಿಗೆ ಹಾಗೆ ಅಳುವುದು ಅಭ್ಯಾಸವಾಗಿತ್ತು.

ಹಡಗಿನಲ್ಲಿ ಅವನಿಗೊಮ್ಮೆ ಜ್ವರ ಬಂದು ಏನೂ ಸೇರದೆ ಮಲಗಿದ್ದಾಗ ಅಲ್ಲಿಯ ಅಡುಗೆಯವನು ಒಂದು ಸಾರು ಮಾಡಿ ಕುಡಿಸಿದ್ದನಂತೆ. "ಅವ್ಗೊಲೇಮೊನೊ ಅಂತಾರೆ ಕಣೇ. ಅವರ ಭಾಷೇಲಿ ಅವ್ಗೊ ಅಂದ್ರೆ ಮೊಟ್ಟೆ. ಕೋಳಿ ಬೇಯಿಸಿದ ನೀರು, ಅದ್ರಲ್ಲೊಂದಿಷ್ಟು ಅಕ್ಕಿ, ಮೊಟ್ಟೆ, ನಿಂಬೆಹಣ್ಣು, ಅಷ್ಟೇ. ಖಾರ ಇಲ್ಲ, ಮಸಾಲೆ ಇಲ್ಲ. ಹುಳಿ ಇರತ್ತಲ್ಲ, ಓಕರಿಕೆ ಬರಲ್ಲ. ನಾನು ಮಾಡ್ಕೊಡ್ತೀನಿ."

ಅಮ್ಮ ಮೊದಲು ಕಿವಿ ಮುಚ್ಚಿಕೊಂಡಳು. ಆಮೇಲೆ, ಅಡುಗೆಮನೆಯಲ್ಲಿ ಮಾತ್ರ ಬೇಡ ಎಂದಳು. ಆಮೇಲೆ, ನಮ್ಮ ಪಾತ್ರೆ ಬೇಡ ಎಂದಳು. ಆಮೇಲೆ ಸುಮ್ಮನಾದಳು.

ರಾಜಾಜಿನಗರದಲ್ಲಿ ಕೋಳಿ ಕೊಂಡರೆ ನೋಡಿದವರು ಹೇಳದೆ ಬಿಟ್ಟಾರೆಯೇ? ಚಿಕ್ಕಪ್ಪ ಬಸ್ಸು ಹತ್ತಿ ನಾಯಂಡಹಳ್ಳಿಯ ತನಕ ಹೋಗಿ ಕೋಳಿ ತಂದ. ಹೊಸ ಅಲ್ಯೂಮಿನಿಯಂ ಪಾತ್ರೆಯೊಂದು, ಮೊಟ್ಟೆ, ಎಲ್ಲದರ ಮೇಲೆ ದಂಟಿನ ಸೊಪ್ಪು ಮುಚ್ಚಿಕೊಂಡು ಚೀಲ ಹಿಡಿದು ಬರುತ್ತಿದ್ದರೆ ಗೇಟಿನಲ್ಲೇ ಕಮಲಮ್ಮ.

"ಎಲ್ಲಿ ಸಿಕ್ತು ಶ್ರೀಧರ, ಇಷ್ಟು ಎಳೇ ಸೊಪ್ಪು?" ಎಂದು ಚೀಲಕ್ಕೇ ಕೈ ಹಾಕಲು ಬಂದರಂತೆ. ಚಿಕ್ಕಪ್ಪ ಅರ್ಧ ಸೊಪ್ಪನ್ನು ಅವರ ಕೈಗೆ ತುಂಬಿ ಒಳಗೆ ಓಡಿ ಬಂದ.

ಬಚ್ಚಲಮನೆಯಲ್ಲಿ ಹಂಡೆಯ ಪಕ್ಕ ಸೀಮೆಎಣ್ಣೆ ಸ್ಟವ್ ಇಟ್ಟರು. ನನ್ನ ಕೋಣೆಯ ಬಾಗಿಲು ಅದಕ್ಕೆ ಎದುರು. ಎಷ್ಟೋ ದಿನಗಳ ನಂತರ ನೋಡಲಿಕ್ಕೆ ಏನೋ ಒಂದು ಸಿಕ್ಕಿತ್ತು, ನಾನು ದಿಂಬಿಗೆ ಒರಗಿ ಕೂತೆ. ಅಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲಾಚೆ ನಿಂತಿದ್ದಳು. ಅಪ್ಪ ಆಫೀಸಿಗೆ ಹೋಗಿದ್ದರು. ಕೋಳಿ ಬೆಂದಿತು, ಅದೇ ನೀರಿನಲ್ಲಿ ಅಕ್ಕಿ ಬೆಂದಿತು. ಚಿಕ್ಕಪ್ಪ ಬಟ್ಟಲಿನಲ್ಲಿ ಮೊಟ್ಟೆ ಒಡೆದು, ನಿಂಬೆಹಣ್ಣು ಹಿಂಡಿ, ಕಡೆದು, ಕೊತಕೊತ ಕುದಿಯುವ ಸಾರಿಗೆ ಒಂದೇ ಸಲಕ್ಕೆ ಸುರಿದ. ಸಾರೆಲ್ಲ ಒಡೆದು ಚೂರುಚೂರಾಗಿ ತೇಲಿತು.

"ಥೂ! ಅವನು ಮಾಡಿದ್ದು ಹೀಗಿರಲಿಲ್ಲ. ಹಾಲಿನ ಹಾಗೆ ನುಣ್ಣಗಿತ್ತು," ಎಂದು ಚಿಕ್ಕಪ್ಪ ತಲೆ ಕೆರೆದುಕೊಂಡ. ತಿಂದವನೇ ಹೊರತು ಮಾಡಿದವನಲ್ಲ ಅವನು.

ಅಮ್ಮನಿಗೆ ತಡೆಯಲಿಲ್ಲ. ಕೋಳಿ ಬೆಂದದ್ದನ್ನು ಸಹಿಸಿಕೊಂಡಿದ್ದಳು. ಎದುರಿಗೇ ಒಂದು ಅಡುಗೆ ಒಡೆದು ಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಅಲ್ಲ ಕಣೋ, ಮಜ್ಜಿಗೆಹುಳಿಗೆ ಯಾರಾದ್ರೂ ಹೀಗೆ ಕುದಿಯೋದ್ರ ಮೇಲೆ ಮಜ್ಜಿಗೆ ಸುರೀತಾರಾ? ಒಡೀದೆ ಇನ್ನೇನಾಗತ್ತೆ? ಮೊದ್ಲು ಒಲೆ ಆರಿಸು. ಸಾರಿನ ಬಿಸಿ ನೀರು ಸೌಟಿನಲ್ಲಿ ತಗೊಂಡು ಆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕ್ತಾ ಕಡಿ. ಅದು ಬೆಚ್ಚಗಾದ್ಮೇಲೆ ಇದಕ್ಕೆ ಸೇರಿಸು. ಆಮೇಲೆ ಕುದಿಸ್ಬೇಡ."

ತೇಲುತ್ತಿದ್ದುದನ್ನು ಸೋಸಿ ತೆಗೆದು, ಮತ್ತೆರಡು ಮೊಟ್ಟೆ ಒಡೆದರು. ಕಡೆಯುವುದೂ ಸೌಟಿನಿಂದ ಹಾಕುವುದೂ ಚಿಕ್ಕಪ್ಪನಿಂದ ಒಟ್ಟಿಗೆ ಆಗಲೊಲ್ಲದು. ಹಾಕಿದರೆ ಕಡೆಯುವುದನ್ನು ನಿಲ್ಲಿಸುತ್ತಾನೆ, ಕಡೆದರೆ ಚೆಲ್ಲುತ್ತಾನೆ. "ಕೊಡಿಲ್ಲಿ," ಎಂದು ಅಮ್ಮ ಹೊಸ್ತಿಲು ದಾಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೌಟು ಕಿತ್ತುಕೊಂಡಳು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳು ಉಸಿರು ಬಿಗಿಹಿಡಿದು ಸಣ್ಣ ಧಾರೆಯಾಗಿ ಸಾರು ಹೊಯ್ಯುತ್ತಿದ್ದಳು. ಬಟ್ಟಲಿನಲ್ಲಿದ್ದದ್ದು ಈ ಸಲ ಒಡೆಯಲಿಲ್ಲ. ತಿಳಿ ಹಳದಿಗೆ ತಿರುಗಿ, ಗಟ್ಟಿಯಾಗಿ, ನುಣ್ಣಗೆ ನಿಂತಿತು. ಅಮ್ಮ ಅದನ್ನು ನೋಡಿ, "ಹದ ಬಂತು," ಎಂದಳು, ಮಜ್ಜಿಗೆಹುಳಿಗೆ ಹೇಳುವ ಹಾಗೆಯೇ.

ಲೋಟದಲ್ಲಿ ಕೊಟ್ಟರು. ಕುಡಿದೆ. ಮೊದಲು ಹುಳಿ, ಹಿಂದೆಯೇ ಬೆಚ್ಚಗಿನ ಗಂಜಿಯ ಹಾಗೆ ಏನೋ ಮೆತ್ತಗೆ ಗಂಟಲಿನಲ್ಲಿ ಇಳಿಯಿತು. ವಾಂತಿಯಾಗುತ್ತದೆ ಎಂದು ಕಾದೆ. ಆಗಲಿಲ್ಲ. ಇನ್ನೊಂದು ಗುಟುಕು ಕುಡಿದೆ. ನನಗೆ ಇನ್ನೂ ಬೇಕು ಎನಿಸಿತು. ಬೇಕು ಎನ್ನುವುದನ್ನೇ ನಾನು ಮರೆತಿದ್ದೆ. ಅಮ್ಮ, ಚಿಕ್ಕಪ್ಪ ಇಬ್ಬರೂ ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದರು.

ಆಗ ಅಮ್ಮನಿಗೆ ವಾಸನೆಯ ನೆನಪಾಯಿತು. ಮನೆಯೆಲ್ಲ ಕೋಳಿ. ಗಡಿಬಿಡಿಯಲ್ಲಿ ತಲೆಗೆ ನೀರು ಸುರಿದುಕೊಂಡು, ಬೇರೆ ಸೀರೆ ಉಟ್ಟು, ಕೆಂಡಕ್ಕೆ ಸಾಂಬ್ರಾಣಿ ಸುರಿದು ಹಜಾರದ ತುಂಬ ಹೊಗೆ ಎಬ್ಬಿಸಿದಳು. ಹಬ್ಬವಿಲ್ಲ ಹರಿದಿನವಿಲ್ಲ, ಮಟಮಟ ಮಧ್ಯಾಹ್ನ. ಅದಕ್ಕಿಂತ ಡಂಗುರ ಸಾರಿದ್ದರೆ ವಾಸಿಯಿತ್ತು. ಹೊಗೆ ಕಿಟಕಿ ದಾಟುವಷ್ಟರಲ್ಲಿ ಕಮಲಮ್ಮ ಬಾಗಿಲಲ್ಲಿದ್ದರು.

"ಏನ್ರೀ ಇವತ್ತು ವಿಶೇಷ? ಒದ್ದೆ ತಲೇಲಿ ಸಾಂಬ್ರಾಣಿ ಹಾಕ್ತಿದೀರಾ?"

"ಸೊಳ್ಳೆ ಕಣ್ರೀ," ಎಂದಳು ಅಮ್ಮ. ಕಾಫಿ ಕೊಟ್ಟು ಕೂರಿಸಿದಳು. ಬಾಗಿಲ ಸಂದಿನಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಒಳ್ಳೇ ಸುದ್ದಿ ತಂದಿದೀನಿ. ಭಾನುವಾರ ಗಂಡಿನ ಕಡೆಯವರು ಬರ್ತಾರಂತೆ. ನಳಿನೀನ ತುಮಕೂರಿಂದ ಕರೆಸ್ಕೊಳ್ಳಿ."

"ಈ ಭಾನುವಾರಾನಾ? ಅವಳ ಅತ್ತೆಗೆ ಇನ್ನೂ ಕಾಲೂರೋಕಾಗಲ್ಲ..."

"ಒಂದಿನಕ್ಕೆ ಬಂದು ಹೋಗ್ಲಿ ಬಿಡ್ರೀ. ಎರಡು ಗಂಟೆ ದಾರಿ."

ನನಗೆ ಕೆಮ್ಮು ಬಂತು. ದಿಂಬು ಒತ್ತಿಕೊಂಡೆ, ನಿಲ್ಲಲಿಲ್ಲ. ಒತ್ತಿಹಿಡಿದಷ್ಟೂ ಜೋರಾಗಿ, ಒಂದರ ಹಿಂದೊಂದು ಬಂತು. ಅಪ್ಪ ಮನೆಯಲ್ಲಿಲ್ಲ. ರೇಡಿಯೊ ಹಾಕಿಲ್ಲ. ಹಜಾರದಲ್ಲಿ ಮಾತು ನಿಂತುಹೋಯಿತು. ಆಗ ಬಚ್ಚಲಮನೆಯಿಂದ ಚಿಕ್ಕಪ್ಪ, ಪುಣ್ಯಾತ್ಮ, ಗಡಸು ಗಂಟಲಿನಲ್ಲಿ ಕೆಮ್ಮತೊಡಗಿದ.

"ಶ್ರೀಧರನಿಗೂ ಅಂಟ್ತಾ?" ಎಂದರು ಕಮಲಮ್ಮ. "ಅಣ್ಣಂದೇ ಕೆಮ್ಮು. ತಾಳಿ, ಇವನಿಗೂ ಒಂದು ಲೋಟ ಕಷಾಯ ತರ್ತೀನಿ."

ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ಅದು ಧೈರ್ಯವಲ್ಲ, ಸಿಟ್ಟು. ನನ್ನ ಹೆಸರು ಇನ್ನೊಬ್ಬಳದು, ನನ್ನ ಊರು ಸುಳ್ಳು, ಕೊನೆಗೆ ನನ್ನ ಕೆಮ್ಮೂ ನನ್ನದಲ್ಲ. ಭಾನುವಾರ ಇವರು ನನ್ನ ಕೆನ್ನೆಗೆ ಪೌಡರು ಬಳಿದು ಕೂರಿಸುತ್ತಾರೆ. ಆಮೇಲೆ ದಾವಣಗೆರೆಯ ಯಾವುದೋ ಉಗ್ರಾಣದಲ್ಲಿ ಜೀವಮಾನವೆಲ್ಲ ಬಾಯಿಗೆ ದಿಂಬು ಒತ್ತಿಕೊಂಡು ಇರಬೇಕಾಗುತ್ತದೆ. ಎದ್ದೆ. ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದೆ. ಬೆಳಕಿಗೆ ಕಣ್ಣು ಚುಚ್ಚಿತು.

"ಆಂಟಿ, ಕೆಮ್ಮಿದ್ದು ನಾನು. ಅಪ್ಪನೂ ಅಲ್ಲ, ಚಿಕ್ಕಪ್ಪನೂ ಅಲ್ಲ. ನಂಗೆ ಟೀಬಿ."

ಕಮಲಮ್ಮ ನನ್ನನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವರ ಕೈ ತಾನಾಗಿಯೇ ಸೆರಗನ್ನು ಬಾಯಿಗೆ ತಂದಿತು. "ಅಯ್ಯೋ ಮಗೂ," ಎಂದರು. "ನಮ್ಮನೇಲಿ ಎಳೇ ಮೊಮ್ಮಗು ಇದೆಯಲ್ರೀ," ಎಂದು ಅಮ್ಮನಿಗೆ ಹೇಳಿ ಎದ್ದು ಹೋದರು. ಇನ್ನು ಅಂಟುವುದಿಲ್ಲವಂತೆ ಎಂದು ಚಿಕ್ಕಪ್ಪ ಹಿಂದೆಯೇ ಹೋಗಿ ಹೇಳಿದ. ಅವರು ಕೇಳಿಸಿಕೊಂಡರೋ ಇಲ್ಲವೋ. ಕಾಫಿ ಹಾಗೇ ಉಳಿದಿತ್ತು.

ದಾವಣಗೆರೆಯವರು ಭಾನುವಾರ ಬರಲಿಲ್ಲ. ಜಾತಕ ಇನ್ನೊಂದು ಕಡೆ ತೋರಿಸಿದೆವು, ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಅಪ್ಪ ಪೇಪರಿನಿಂದ ಮುಖ ಎತ್ತಲೇ ಇಲ್ಲ. ಅಮ್ಮ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ನಿನ್ನ ಹಣೆಬರಹಕ್ಕೆ ನೀನೇ ಮಸಿ ಬಳಿದುಕೊಂಡೆ ಎಂದು ಬೈದಳು. ಆಮೇಲೆ ನನ್ನ ಹತ್ತಿರ ಮಾತು ಬಿಟ್ಟಳು. ನನಗೂ ಭಯವಾಯಿತು. ಬಾಯಿ ಬಿಟ್ಟು ಏನು ಗಳಿಸಿದೆ ಎಂದು ದಿಂಬಿಗೆ ತಲೆ ಹುದುಗಿಸಿ ಕೇಳಿಕೊಂಡೆ.

ಆದರೆ ಸಾರು ನಿಲ್ಲಲಿಲ್ಲ. ಚಿಕ್ಕಪ್ಪ ಕೋಳಿ ಬೇಯಿಸಿಕೊಟ್ಟರೆ, ಅಮ್ಮ ಮಾತಿಲ್ಲದೆ ಬಂದು ಸೌಟು ಹಿಡಿಯುತ್ತಿದ್ದಳು, ಮಾತಿಲ್ಲದೆ ಲೋಟ ತಂದಿಡುತ್ತಿದ್ದಳು, ಖಾಲಿಯಾಗುವ ತನಕ ನಿಂತಿರುತ್ತಿದ್ದಳು. ಅವನ ರಜೆ ಮುಗಿದು ಹೊರಟಾಗ, ಇನ್ನು ಕೋಳಿ ಯಾರು ತರುತ್ತಾರೆ ಎಂದು ಯಾರೂ ಕೇಳಲಿಲ್ಲ. ಮಾರನೆಯ ದಿನ ಅಪ್ಪ ಆಫೀಸಿನಿಂದ ಬರುತ್ತ ಚೀಲ ಹಿಡಿದುಕೊಂಡು ಬಂದರು. ಮೇಲೆ ಸೊಪ್ಪು ಮುಚ್ಚಿರಲಿಲ್ಲ.

ಅದಾದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ಅಮ್ಮ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಹಜಾರ ದಾಟಿಸಿ, ಬಾಗಿಲು ದಾಟಿಸಿ, ಮುಂದಿನ ಮೆಟ್ಟಿಲ ಮೇಲೆ, ಬೀದಿಗೆ ಮುಖ ಮಾಡಿ ಬಿಸಿಲಿನಲ್ಲಿ ಕೂರಿಸಿದಳು. ಹಿಂದೆ ತಾನೂ ಕೂತು ನನ್ನ ಜಡೆ ಬಿಚ್ಚಿದಳು. ಜ್ವರಕ್ಕೆ ಕೂದಲು ಉದುರಿ ಇಲಿಬಾಲವಾಗಿತ್ತು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಾಚತೊಡಗಿದಳು. ಆಫೀಸಿಗೆ ಹೋಗುವವರು, ಸ್ಕೂಲಿಗೆ ಹೋಗುವವರು, ನೀರು ಹಿಡಿಯುವವರು, ಎಲ್ಲರೂ ನೋಡಿದರು. ಕಮಲಮ್ಮ ಕಾಂಪೌಂಡಿನ ಆಚೆ ರಂಗೋಲಿಯ ಮುಂದೆ ನಿಂತೇ ಇದ್ದರು.

ಹೂವಿನಾಕೆ ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು. "ಯಾವಾಗ್ ಬಂದ್ಯವ್ವಾ ತುಮಕೂರಿಂದ? ಇದೇನು ಇಂಗ್ ಸೊರಗೋಗಿದೀಯ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, ಬೀದಿಯ ಆ ತುದಿಗೂ ಕೇಳುವ ಹಾಗೆ.

"ತುಮಕೂರಿಗೆ ಹೋಗಿರ್ಲಿಲ್ಲಮ್ಮ. ಇಲ್ಲೇ ಇದ್ಲು. ಟೀಬಿ ಬಂದಿತ್ತು, ವಾಸಿಯಾಗ್ತಿದೆ. ಒಂದು ಮೊಳ ಮಲ್ಲಿಗೆ ಕೊಡು, ಅವಳಿಗೇ ಮುಡಿಸ್ಬೇಕು."